ಬ್ರೇಕಕ್ಕನ ಬಲಗಾಲು ಮತ್ತು ಎರಡಾಗಬೇಕಿದ್ದ ಮಂಚ

ಬ್ರೇಕಕ್ಕನ ಬಲಗಾಲಿಗೆ ಒಂದು ಜೀವನಚರಿತ್ರೆ ಸಲ್ಲಬೇಕು. ಬ್ರೇಕಕ್ಕನ ಉಳಿದ ಭಾಗದಲ್ಲಿ ಅಂಥ ವಿಶೇಷವೇನಿಲ್ಲ: ಐವತ್ತೆರಡು ವರ್ಷ, ಗಿಡ್ಡ ಮೈಕಟ್ಟು, ಮೂಗಿನ ತುದಿಗೆ ಜಾರುವ ಕನ್ನಡಕ, ಯಾರನ್ನು ಕಂಡರೂ "ಸೀಟ್ ಬೆಲ್ಟ್ ಹಾಕ್ಕೊಳ್ಳಿ" ಎನ್ನಲು ಸಿದ್ಧವಾದ ಮುಖ. ಇಂಥವರು ಬೀದಿಗೊಬ್ಬರು ಸಿಗುತ್ತಾರೆ. ಬಲಗಾಲು ಮಾತ್ರ ಲೋಕಕ್ಕೆ ಒಂದೇ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಕಲಿಯುವವರು ಗೋಡೆಯನ್ನು ಅಪ್ಪಿಕೊಳ್ಳಲು ಹೊರಟಾಗ ಪಕ್ಕದಲ್ಲಿ ಕೂತವರು ಅದನ್ನು ಒತ್ತಬೇಕು. ಆ ಪೆಡಲಿನ ಮೇಲೆ ಬ್ರೇಕಕ್ಕ ಇಪ್ಪತ್ತನಾಲ್ಕು ವರ್ಷ ರಾಜ್ಯಭಾರ ಮಾಡಿದರು. ಆ ಕಾಲಿನ ಕೃಪೆಯಿಂದ ಬದುಕುಳಿದವರ ಪಟ್ಟಿಯಲ್ಲಿ ಲೆಕ್ಕವಿಲ್ಲದಷ್ಟು ನಾಯಿಗಳಿವೆ, ಒಂದು ಹಾಲಿನ ವ್ಯಾನಿದೆ, ಏಣಿ ಹತ್ತಿ ಅಂಗಡಿಯ ಬೋರ್ಡು ಬರೆಯುತ್ತಿದ್ದ ಪೇಂಟರ್ ಇದ್ದಾನೆ, ಮಾರನೆಯ ವರ್ಷ ಇನ್ನೊಂದು ಅಂಗಡಿಯ ಮುಂದೆ ಅದೇ ಪೇಂಟರ್ ಮತ್ತೆ ಇದ್ದಾನೆ. ಕಲಿಯುವವರ ತಲೆಯಲ್ಲಿ ತಪ್ಪು ಮಾಡುವ ಯೋಚನೆ ಹುಟ್ಟುವ ಮೊದಲೇ ಆ ಕಾಲು ಕೆಳಗಿಳಿದಿರುತ್ತಿತ್ತು. ಬೀದಿಯವರು ಅವರಿಗೆ ಬ್ರೇಕಕ್ಕ ಎಂದು ಹೆಸರಿಟ್ಟು ಎಷ್ಟು ಕಾಲವಾಯಿತೆಂದರೆ, ಅಂಚೆಯವನು ಅಸಲಿ ಹೆಸರು ಕೂಗಿದರೆ ಆ ಮನೆಯಲ್ಲಿ ಯಾರೂ ಓಗೊಡುತ್ತಿರಲಿಲ್ಲ.

ಇಂಥ ಕಾಲು ಒಂದು ದಿನ, ಒಂದೇ ಒಂದು ದಿನ, ಅರೆಕ್ಷಣ ತಡಮಾಡಿತು. ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿನಲ್ಲಿ ಕಾರು ಒಂದು ಮನೆಯ ಮೆಟ್ಟಿಲಿಗೆ ಮೂತಿ ತಾಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಒಂದು ಹೂಕುಂಡ ವೀರಮರಣವನ್ನಪ್ಪಿತು, ಅಷ್ಟೇ. ಮನೆಯವರು ಹೊರಗೆ ಬಂದು, "ಬಿಡಿ, ಆ ಗಿಡ ಹೇಗೂ ಒಣಗಿತ್ತು" ಎಂದರು. ಬ್ರೇಕಕ್ಕ ಹೊಸ ಕುಂಡ ತಂದುಕೊಟ್ಟು, ನಕ್ಕು, ಮನೆಗೆ ಬಂದು, ಊಟ ಮಾಡಿ ಮಲಗಿದರು. ಬೆಳಗಿನ ಜಾವಕ್ಕೆ ಕನಸು ಬಿತ್ತು.

ಕನಸಿನಲ್ಲಿ ಅದೇ ಇಳಿಜಾರು, ಆದರೆ ಉದ್ದ ಮಾತ್ರ ನೂರು ಪಟ್ಟು. ಕಾರು ಇಳಿಯುತ್ತಿದೆ. ಬ್ರೇಕಕ್ಕ ಪೆಡಲ್ ಒತ್ತಿದರೆ ಅದು ಕಲಸಿಟ್ಟ ಹಿಟ್ಟಿನ ಹಾಗೆ ಮೆತ್ತಗೆ ಒಳಗೆ ಹೋಗುತ್ತದೆ. ಇನ್ನೂ ಒತ್ತಿದರೆ ಇನ್ನೂ ಒಳಗೆ. ಕಾರಿನ ವೇಗ ಏರುತ್ತದೆ. ಕೊನೆಗೆ ಅವರು ಮೈಯಲ್ಲಿದ್ದ ಬಲವನ್ನೆಲ್ಲ ಬಲಗಾಲಿಗೆ ತಂದು ಒಂದೇ ಸಲ ಒದ್ದರು.

ಕನಸಿನ ಕಾರು ನಿಲ್ಲಲಿಲ್ಲ. ಆದರೆ ಇತ್ತ ಮಂಚದ ಮೇಲೆ, ಪಕ್ಕದಲ್ಲಿ ಮಗುವಿನ ಹಾಗೆ ಮಲಗಿದ್ದ ಯಜಮಾನರು ಎದ್ದು ಕೂತರು.

ಯಜಮಾನರು ಪೇಟೆಬೀದಿಯ ಚಪ್ಪಲಿ ಅಂಗಡಿಯಲ್ಲಿ ಹಿರಿಯ ಸೇಲ್ಸ್‌ಮನ್. ಊರಿನವರ ಪಾದಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಹೊಟ್ಟೆ ಹೊರೆದುಕೊಂಡ ಮೃದು ಮನುಷ್ಯ. ಪಾದದ ಆಕಾರ ನೋಡಿಯೇ ಮನೆಯಲ್ಲಿ ಆ ಗಿರಾಕಿಯ ಮಾತು ನಡೆಯುತ್ತದೋ ಇಲ್ಲವೋ ಹೇಳಬಲ್ಲರು. ಅಂಥವರಿಗೆ ಐವತ್ತೇಳನೆಯ ವಯಸ್ಸಿನಲ್ಲಿ ಒಂದು ಪಾದದ ಪೂರ್ಣ ಪರಿಚಯ ಈಗ ಆಯಿತು.

"ಏನೇ ಇದು, ಕನಸಾ?" ಎಂದರು, ಮೊಣಕಾಲು ತಿಕ್ಕುತ್ತ.

"ಬ್ರೇಕ್ ಹಿಡೀಲಿಲ್ಲ ರೀ."

"ಹಿಡೀತು. ನನಗೆ ಹಿಡೀತು."

ಮೊದಲ ದಿನ ಇಬ್ಬರೂ ನಕ್ಕರು. ಎರಡನೆಯ ವಾರಕ್ಕೆ ಯಜಮಾನರ ಮೊಣಕಾಲಿನಿಂದ ಹಿಮ್ಮಡಿಯವರೆಗೆ ನೀಲಿ, ಹಸಿರು, ಹಳದಿ ಬಣ್ಣಗಳು ಮೂಡಿದವು. ನಡುವೆ ದಿಂಬಿನ ಗೋಡೆ ಕಟ್ಟಿದರು; ಆ ಗೋಡೆ ಮೂರು ಬೆಳಗಿನ ಮೇಲೆ ಬಾಳಲಿಲ್ಲ. ಎರಡನೆಯ ತಿಂಗಳಿಗೆ ಯಜಮಾನರು ಹೊದಿಕೆ ಮಡಚಿಕೊಂಡು ಹಜಾರದ ಸೋಫಾಕ್ಕೆ ವಲಸೆ ಹೋದರು.

ಇದರಲ್ಲಿ ನಗುವಂಥದ್ದು ಬೇಕಾದಷ್ಟಿದೆ, ನಗೋಣ. ಆದರೆ ಬ್ರೇಕಕ್ಕ ನಗುವುದನ್ನು ನಿಲ್ಲಿಸಿದ್ದರು. ಕಾರಣ, ಆ ಮನೆಯಲ್ಲಿ ಗಂಡ ಹೆಂಡತಿ ಮಾತನಾಡುತ್ತಿದ್ದುದು ಆ ಮಂಚದ ಮೇಲೆ ಮಾತ್ರ. ಬೆಳಿಗ್ಗೆ ಇವರು ಆರಕ್ಕೆ ಹೊರಟರೆ ಅವರು ಏಳುತ್ತಿದ್ದುದು ಏಳಕ್ಕೆ. ಸಂಜೆ ಇವರು ಬರುವ ಹೊತ್ತಿಗೆ ಅಂಗಡಿಯಲ್ಲಿ ಜನ. ರಾತ್ರಿ ದೀಪ ಆರಿಸಿದ ಮೇಲೆ ಹತ್ತು ನಿಮಿಷ ಇಬ್ಬರದು. ಅವರು ಆ ದಿನ ಕಂಡ ಪಾದಗಳ ವಿಷಯ ಹೇಳುವರು, ಇವರು ಆ ದಿನ ಉಳಿದ ಪ್ರಾಣಗಳ ವಿಷಯ ಹೇಳುವರು. ಇಪ್ಪತ್ತಾರು ವರ್ಷದ ಸಂಸಾರವೆಂದರೆ ಅವರಿಗೆ ಆ ಹತ್ತು ನಿಮಿಷಗಳೇ. ಈಗ ನಡುವೆ ಗೋಡೆ ಬಂತು. ಗೋಡೆಯಾಚೆಗೆ ಕೂಗಿ ಮಾತನಾಡಲು ನೋಡಿದರು. ಪ್ರತಿ ಪ್ರಶ್ನೆಗೂ ಮೂರನೆಯ ಕೋಣೆಯಿಂದ ಅತ್ತೆ ಉತ್ತರ ಕೊಡತೊಡಗಿದ್ದರಿಂದ ಅದನ್ನೂ ಬಿಟ್ಟರು.

ಅತ್ತೆಗೆ ಎಪ್ಪತ್ತೆಂಟು. ಕಣ್ಣು, ಕಿವಿ, ನಾಲಿಗೆ ಮೂರೂ ಹೊಚ್ಚಹೊಸದಾಗಿಯೇ ಇದ್ದವು. ಕನಸಿನ ಬಗ್ಗೆ ಅವರದು ಖಚಿತ ಸಿದ್ಧಾಂತ: ಕನಸೆಲ್ಲ ಹೊಟ್ಟೆಯ ಕಾರುಬಾರು.

"ರಾತ್ರಿ ತಡವಾಗಿ ತಿಂದ್ರೆ ಕಾರೂ ಓಡುತ್ತೆ, ವಿಮಾನವೂ ಹಾರುತ್ತೆ," ಎಂದರು. "ಆದ್ರೆ ನನ್ನ ಮಗನ ಕಾಲು ಅಂಥ ಕನಸಿಗೆ ಬಲಿಯಾಗೋದು ಬೇಡ. ಬಡಗಿಗೆ ಹೇಳಿದ್ದೀನಿ. ಬರೋ ತಿಂಗಳು ಕಳೆದು ಒಂದನೇ ತಾರೀಖು ಬಂದು ಮಂಚ ಮಧ್ಯಕ್ಕೆ ಕೊಯ್ದು ಎರಡು ಮಾಡಿಕೊಡ್ತಾನೆ. ಒಂದು ಇಲ್ಲಿ, ಒಂದು ಹಜಾರದಲ್ಲಿ."

"ಅತ್ತೆ, ಅದು ಒಳ್ಳೇ ಮರ," ಎಂದರು ಬ್ರೇಕಕ್ಕ. ಹೇಳಬೇಕೆಂದಿದ್ದದ್ದು ಅದಲ್ಲ. ಆದರೆ ಅತ್ತೆಯ ಮುಂದೆ ನಿಂತು ಹತ್ತು ನಿಮಿಷದ ವಿಷಯ ಯಾವ ಸೊಸೆ ಹೇಳಿಯಾಳು?

"ಒಳ್ಳೇ ಮರ ಅಂತಲೇ ಎರಡು ಮಂಚ ಆಗ್ತಿದೆ. ಕೆಟ್ಟ ಮರ ಆಗಿದ್ರೆ ಸೌದೆ ಆಗ್ತಿತ್ತು."

ಹೀಗೆ ಸಾಮ್ರಾಜ್ಯ ವಿಭಜನೆಗೆ ದಿನ ಗೊತ್ತಾಯಿತು. ಬ್ರೇಕಕ್ಕನ ಕೈಯಲ್ಲಿ ಐದು ವಾರ ಉಳಿದಿದ್ದವು.

ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರ ಕೋಣೆ ಎರಡನೆಯ ಮಹಡಿಯಲ್ಲಿ, ಔಷಧಿ ಕೌಂಟರಿನ ಗದ್ದಲ ಅಲ್ಲಿಗೂ ಕೇಳುವಂತಿತ್ತು. ಒಳಗೆ ಕೂತಿದ್ದ ಡಾಕ್ಟರಮ್ಮನನ್ನು ನೋಡಿದ ಕೂಡಲೇ ಬ್ರೇಕಕ್ಕ ರೋಗಿಯ ಕುರ್ಚಿಯಲ್ಲಿ ಕೂರುವ ಮೊದಲೇ ವಿಚಾರಣೆ ಶುರುಮಾಡಿದರು.

"ನೀನಾ? ಕ್ಲಚ್ ಈಗ ಹೇಗೆ ಬಿಡ್ತೀಯ?"

"ನಿಧಾನಕ್ಕೇ ಬಿಡ್ತೀನಿ ಅಕ್ಕಾ," ಎಂದು ಡಾಕ್ಟರಮ್ಮ ತಮಗೇ ಗೊತ್ತಿಲ್ಲದೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಆರು ವರ್ಷದ ಹಿಂದೆ ಅವರು ಬ್ರೇಕಕ್ಕನ ಬಳಿ ನಾಲ್ಕು ತಿಂಗಳು ಕಲಿತು, ಮೂರು ಸಲ ಫೇಲಾಗಿ, ನಾಲ್ಕನೆಯ ಸಲ ಲೈಸೆನ್ಸ್ ಪಡೆದವರು.

ಕಥೆಯೆಲ್ಲ ಕೇಳಿದ ಮೇಲೆ ಡಾಕ್ಟರಮ್ಮ ಹೇಳಿದರು: "ನಾವು ಕನಸು ಕಾಣೋ ಹೊತ್ತಲ್ಲಿ ಮಿದುಳು ಕೈಕಾಲಿಗೆ ಬೀಗ ಹಾಕಿರುತ್ತೆ ಅಕ್ಕಾ. ಇಲ್ಲದಿದ್ರೆ ಕನಸಲ್ಲಿ ಓಡಿದವರೆಲ್ಲ ಬೆಳಿಗ್ಗೆ ಬಸ್ ಸ್ಟ್ಯಾಂಡಲ್ಲಿ ಸಿಗ್ತಿದ್ರು. ಕೆಲವರಿಗೆ ಆ ಬೀಗ ಸ್ವಲ್ಪ ಸಡಿಲ. ಮೊದಲು ನರದ ಡಾಕ್ಟರಿಗೆ ತೋರಿಸಿ, ಒಂದು ರಾತ್ರಿ ಇಲ್ಲೇ ಮಲಗಿ ಪರೀಕ್ಷೆ ಮಾಡಿಸ್ಕೊಳ್ಳಿ. ಅಲ್ಲೇನೂ ತೊಂದರೆ ಇಲ್ಲ ಅಂದ್ರೆ ಕನಸಿನ ಕೆಲಸ ನಾನು ನೋಡ್ಕೋತೀನಿ."

ತಲೆಗೆ, ಕಾಲಿಗೆ ವೈರು ಅಂಟಿಸಿಕೊಂಡು ಬ್ರೇಕಕ್ಕ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರು. ನರಗಳಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ಆಮೇಲೆ ಡಾಕ್ಟರಮ್ಮ ಕೊಟ್ಟ ಮದ್ದು ಮಾತ್ರೆಯಲ್ಲ, ಒಂದು ನೋಟ್‌ಬುಕ್ಕು.

"ಕನಸನ್ನ ಇದರಲ್ಲಿ ಬರೀರಿ. ಬರೆದು, ಕೊನೆ ಬದಲಾಯಿಸಿ. ಹೇಗೆ ಬೇಕಾದ್ರೂ, ನಿಮ್ಮಿಷ್ಟ. ದಿನಾ ಹಗಲು ಹತ್ತು ನಿಮಿಷ ಆ ಹೊಸ ಕೊನೇನ ಕಣ್ಮುಚ್ಚಿ ಮನಸ್ಸಲ್ಲೇ ನಡೆಸಿ ನೋಡಿ. ಹಗಲು ರೂಢಿ ಮಾಡಿದ್ದು ರಾತ್ರಿ ಕನಸಿಗೆ ಇಳಿಯುತ್ತೆ. ಸುಮಾರು ಜನಕ್ಕೆ ಇದರಿಂದ ಕೆಟ್ಟ ಕನಸು ಹೋಗಿದೆ."

"ಅಂದ್ರೆ ಕನಸಿಗೂ ಟ್ರೈನಿಂಗ್ ಕೊಡಬಹುದು."

"ಕೊಡಬಹುದು."

ಇಷ್ಟು ಹೇಳಿದ್ದೇ ಸಾಕಾಯಿತು. ಟ್ರೈನಿಂಗ್ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬ್ರೇಕಕ್ಕ ಯಾರ ಅಪ್ಪಣೆಗೂ ಕಾಯುವವರಲ್ಲ. ಮನೆಗೆ ಬಂದು ಊಟದ ಕೋಣೆಯಲ್ಲಿ ಎರಡು ಕುರ್ಚಿ ಅಕ್ಕಪಕ್ಕ ಹಾಕಿದರು. ಒಂದು ಕುರ್ಚಿಯ ಮುಂದೆ ಇಟ್ಟಿಗೆಯೊಂದನ್ನು ಗೋಡೆಗೆ ಆನಿಸಿಟ್ಟರು. ಅದೇ ಹೊಸ ಬ್ರೇಕ್. ಕನಸಿನ ಪೆಡಲ್ ಮೆತ್ತಗಿದೆ ತಾನೆ? ಇದು ಗಟ್ಟಿ. ನೋಟ್‌ಬುಕ್ಕಿನಲ್ಲಿ ಹೊಸ ಕೊನೆಯನ್ನು ದಪ್ಪ ಅಕ್ಷರದಲ್ಲಿ ಬರೆದರು: "ಬ್ರೇಕ್ ಒತ್ತಿದೆ. ಹಿಡಿಯಿತು. ಕಾರು ನಿಂತಿತು." ಹತ್ತು ನಿಮಿಷ ಎಂದಿದ್ದು ಇಪ್ಪತ್ತಾಯಿತು, ದಿನಕ್ಕೊಮ್ಮೆ ಎಂದಿದ್ದು ಎರಡು ಸಲವಾಯಿತು. ಭಾನುವಾರ ಯಜಮಾನರನ್ನೇ ಪಕ್ಕದ ಕುರ್ಚಿಗೆ ಕರೆದು ಕಲಿಯುವವರ ಪಾತ್ರ ಕೊಟ್ಟರು. ಆ ದಿನ ಅವರು ಕುರ್ಚಿಯಲ್ಲಿ ಮೂವತ್ತು ಸಲ ಅಪಘಾತಕ್ಕೆ ಹೊರಟು ಮೂವತ್ತು ಸಲವೂ ಉಳಿದರು.

ಎಂಟನೆಯ ಬೆಳಿಗ್ಗೆ ಬ್ರೇಕಕ್ಕ ವಿಜಯದ ಮುಖದಲ್ಲಿ ಹಜಾರಕ್ಕೆ ಬಂದರು.

"ರೀ, ಏಳಿ. ಬ್ರೇಕ್ ಹಿಡೀತು. ಕಲ್ಲಿನ ಹಾಗೆ ಹಿಡೀತು. ಗಾಡಿ ಗಕ್ಕನೆ ನಿಂತುಬಿಡ್ತು."

"ನಿಜವಾಗ್ಲೂ?"

"ಇವತ್ತು ರಾತ್ರಿ ಒಳಗೆ ಬಂದು ಮಲಗಿ."

ಯಜಮಾನರು ನಂಬಿದರು. ನಂಬುವುದು ಅವರ ಸ್ವಭಾವ; ಎರಡು ಸೈಜು ಚಿಕ್ಕ ಬೂಟನ್ನು ಹಾಕಿಕೊಂಡು "ಸಡಿಲ ಆಗುತ್ತೆ ಬಿಡಿ" ಎನ್ನುವ ಗಿರಾಕಿಯನ್ನೂ ನಂಬುವವರು. ರಾತ್ರಿ ಹೊದಿಕೆ ಸಮೇತ ಒಳಗೆ ಬಂದರು. ಬೆಳಗಿನ ಜಾವ ಕನಸು ಬಿತ್ತು, ಪೆಡಲ್ ಗಟ್ಟಿಯಾಗಿತ್ತು, ಬ್ರೇಕಕ್ಕ ಎಂಟು ದಿನದ ತರಬೇತಿಯನ್ನೆಲ್ಲ ಕಾಲಿಗೆ ತಂದು ಒತ್ತಿದರು. ಕನಸಿನ ಕಾರು ಅದ್ಭುತವಾಗಿ ನಿಂತಿತು. ಯಜಮಾನರು ನಿಲ್ಲಲಿಲ್ಲ. ಹೊದಿಕೆ, ದಿಂಬು, ಪಕ್ಕದ ಸ್ಟೂಲಿನ ಮೇಲಿದ್ದ ನೀರಿನ ಚೊಂಬು ಸಮೇತ ನೆಲಕ್ಕೆ ಹೋಗಿ, ಬೀರುವಿನ ಕಾಲಿಗೆ ತಗುಲಿ, ಎಡಗಾಲಿನ ಕಿರುಬೆರಳು ಮುರಿದುಕೊಂಡರು.

ಅಂಗಡಿಯಲ್ಲಿ ಆ ದಿನದಿಂದ ಗಿರಾಕಿಗಳು ಪಟ್ಟಿ ಕಟ್ಟಿದ ಆ ಕಾಲನ್ನು ತೋರಿಸಿ, "ಈ ಸೈಜು ಎಲ್ಲಿ ಸಿಗುತ್ತೆ?" ಎಂದು ಕೇಳುತ್ತಿದ್ದರಂತೆ. ಮನೆಯಲ್ಲಿ ಅತ್ತೆ ಕ್ಯಾಲೆಂಡರಿನ ಒಂದನೇ ತಾರೀಖಿಗೆ ಪೆನ್ಸಿಲ್ಲಿನಲ್ಲಿ ಹಾಕಿದ್ದ ಸುತ್ತನ್ನು ಪೆನ್ನಿನಲ್ಲಿ ತಿದ್ದಿದರು.

ಮತ್ತೆ ಎರಡನೆಯ ಮಹಡಿ. ಈ ಸಲ ಯಜಮಾನರೂ ಕುಂಟುತ್ತ ಜೊತೆಗೆ ಬಂದರು, ಪ್ರತ್ಯಕ್ಷ ಸಾಕ್ಷಿಯಾಗಿ. ಡಾಕ್ಟರಮ್ಮ ನೋಟ್‌ಬುಕ್ಕು ಓದಿ, ತುಟಿ ಕಚ್ಚಿ, ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದರು. ಭುಜ ಅಲುಗುತ್ತಿತ್ತು.

"ನಗಬೇಕು ಅಂದ್ರೆ ಇತ್ತ ತಿರುಗಿ ನಗು," ಎಂದರು ಬ್ರೇಕಕ್ಕ.

"ಅಕ್ಕಾ, ನಾನು ಕನಸಿನ ಕೊನೆ ಬದಲಾಯಿಸಿ ಅಂದೆ. ನೀವು ಬ್ರೇಕ್ ರಿಪೇರಿ ಮಾಡಿಸಿದ್ದೀರಿ."

"ಬ್ರೇಕ್ ಕೆಟ್ರೆ ಇನ್ನೇನು ಮಾಡಿಸ್ತಾರೆ?"

"ದಿನಕ್ಕೆ ಎರಡು ಸಲ ಒದೆಯೋದನ್ನೇ ಅಭ್ಯಾಸ ಮಾಡಿದ್ದೀರಿ. ಕಾಲು ಕಲಿತುಬಿಡ್ತು." ಡಾಕ್ಟರಮ್ಮ ನೋಟ್‌ಬುಕ್ಕು ಮುಚ್ಚಿದರು. "ಒಂದು ಕೇಳ್ತೀನಿ. ಕನಸಲ್ಲಿ ಕಾರನ್ನ ಯಾರು ಓಡಿಸ್ತಿರ್ತಾರೆ?"

ಬ್ರೇಕಕ್ಕ ಯಾವಾಗಲೂ ಪಕ್ಕದ ಸೀಟಿನಲ್ಲೇ ಇರುತ್ತಿದ್ದರು, ಕನಸಿನಲ್ಲೂ. ಸ್ಟಿಯರಿಂಗ್ ಹಿಡಿದವರು ಯಾರೆಂದು ನೋಡಿಯೇ ಇರಲಿಲ್ಲ.

"ನಾನು ರಸ್ತೆ ನೋಡ್ತೀನಿ. ಡ್ರೈವರನ್ನ ಯಾಕೆ ನೋಡ್ಲಿ?"

"ನಾಲ್ಕು ತಿಂಗಳು ನಿಮ್ಮ ಪಕ್ಕ ಕೂತಿದ್ದೆ. ಒಂದು ದಿನವೂ ನನ್ನ ಮುಖ ನೋಡ್ಲಿಲ್ಲ ನೀವು. ನಾನು ಮೂರು ಸಲ ಫೇಲಾಗಿದ್ದು ಯಾಕೆ ಗೊತ್ತಾ? ಟೆಸ್ಟಿನ ಕಾರಲ್ಲಿ ಪಕ್ಕದಲ್ಲಿ ನೀವಿರಲಿಲ್ಲ. ನಾನು ಬ್ರೇಕ್ ಅನ್ನೋದು ಹೊತ್ತಿಗೆ ಸರಿಯಾಗಿ ತಾನಾಗೇ ಬೀಳುತ್ತೆ ಅಂದ್ಕೊಂಡಿದ್ದೆ."

ಯಜಮಾನರು ಕೆಮ್ಮಿದರು. ಅವರೂ ಬಹಳ ಹಿಂದೆ ಹೆಂಡತಿಯ ಬಳಿ ಒಂದೇ ಒಂದು ದಿನ ಡ್ರೈವಿಂಗ್ ಕಲಿಯಲು ಹೋಗಿ, ಒಂದು ಕಿಲೋಮೀಟರಿಗೆ ನಲವತ್ತು ಬ್ರೇಕು ಅನುಭವಿಸಿ, ಆಜೀವ ಬಸ್ಸಿಗೆ ಶರಣಾದವರು.

"ಈ ಸಲ ಬ್ರೇಕ್ ಬೇಡ," ಎಂದರು ಡಾಕ್ಟರಮ್ಮ. "ಇಟ್ಟಿಗೆ ಹೊರಗೆ ಹಾಕಿ. ಹಗಲು ಅಭ್ಯಾಸದಲ್ಲಿ ಒಂದೇ ಕೆಲಸ. ಪಕ್ಕಕ್ಕೆ ತಿರುಗಿ, ಓಡಿಸ್ತಿರೋದು ಯಾರು ಅಂತ ನೋಡಿ."

ಇದು ಸುಲಭವೆಂದು ತೋರಬಹುದು. ಇಪ್ಪತ್ತನಾಲ್ಕು ವರ್ಷ ರಸ್ತೆಯಿಂದ ಕಣ್ಣು ಕೀಳದವರಿಗೆ ಹೇಳಿ ನೋಡಿ. ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತ ಬ್ರೇಕಕ್ಕನ ಕತ್ತು ನಾಲ್ಕು ದಿನ ತಿರುಗಲಿಲ್ಲ. ಐದನೆಯ ದಿನ ಅರ್ಧ ತಿರುಗಿತು. ಹದಿಮೂರನೆಯ ಬೆಳಿಗ್ಗೆ, ಅದು ರಜೆಯ ಭಾನುವಾರ, ಅವರು ತಿಂಡಿಯ ಮೇಜಿಗೆ ಬಂದು, ಕಾಫಿಗೆ ಉಪ್ಪು ಹಾಕಿಕೊಂಡು ಕಲಕುತ್ತ ಕೂತರು.

"ಏನು ಹುಡುಗಿ, ಯಾರನ್ನ ಗುದ್ದಿದೆ ಇವತ್ತು?" ಎಂದರು ಅತ್ತೆ. ಅವರ ಲೆಕ್ಕದಲ್ಲಿ ಐವತ್ತೆರಡು ಅಂದರೆ ಹುಡುಗಿಯೇ.

"ಕನಸಲ್ಲಿ ಪಕ್ಕಕ್ಕೆ ತಿರುಗಿ ನೋಡಿದೆ ಅತ್ತೆ."

"ಯಾರಿದ್ರು?"

"ನೀವು."

ಯಜಮಾನರ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು. ಅತ್ತೆ ಜೀವಮಾನದಲ್ಲಿ ಸೈಕಲ್ಲನ್ನೂ ಮುಟ್ಟಿದವರಲ್ಲ. ಮನೆ ಎರಡು ಹೋಳಾಗುವ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಇರಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಸೊಸೆಯ ಕಡೆ ತಿರುಗಿದರು.

"ನಾನು ಹೇಗೆ ಕೂತಿದ್ದೆ?"

"ಒಂದು ಮೊಣಕೈ ಕಿಟಕಿ ಮೇಲೆ ಇಟ್ಕೊಂಡು."

"ಒಂದೇ ಕೈಯಲ್ಲಿ ಓಡಿಸ್ತಿದ್ನಾ?"

"ಹೂಂ. ತಿರುವಲ್ಲೂ ಒಂದೇ ಕೈ."

"ಚೆನ್ನಾಗಿ ಓಡಿಸ್ತಿದ್ನಾ?"

ಬ್ರೇಕಕ್ಕ ವೃತ್ತಿಯವರು. ಡ್ರೈವಿಂಗ್ ಬಗ್ಗೆ ಅತ್ತೆಗಾಗಿಯೂ ಸುಳ್ಳು ಹೇಳುವವರಲ್ಲ. "ಚೆನ್ನಾಗೇ ಓಡಿಸ್ತಿದ್ರಿ ಅತ್ತೆ. ರಸ್ತೆ ಅಂಚಿಗೆ ತಾಗಿಸ್ಲಿಲ್ಲ, ಹಾರನ್ನೂ ಹೊಡೀಲಿಲ್ಲ."

"ಮತ್ತೆ ಯಾಕೆ ಒದ್ದೆ?"

ಬ್ರೇಕಕ್ಕ ಕಾಫಿಯ ಲೋಟ ಕೆಳಗಿಟ್ಟರು. ಕನಸುಗಳ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆದವರೆಲ್ಲ ಸೇರಿ ಆ ಮನೆಗೆ ಬಂದಿದ್ದರೂ ಇಷ್ಟು ಚಿಕ್ಕ ಪ್ರಶ್ನೆ ಕೇಳುತ್ತಿರಲಿಲ್ಲ. ಇಳಿಜಾರಿನಲ್ಲಿ ಕಾರು ಚೆನ್ನಾಗಿಯೇ ಹೋಗುತ್ತಿತ್ತು. ಓಡಿಸುವವರಿಗೆ ಓಡಿಸಲು ಬರುತ್ತಿತ್ತು. ಪೆಡಲ್ ಮೆತ್ತಗಾಗಿದ್ದರೆ ಏನೀಗ? ಅದನ್ನು ಒತ್ತಬೇಕಾದ ಕೆಲಸವೇ ಇರಲಿಲ್ಲ.

"ಗೊತ್ತಿಲ್ಲ ಅತ್ತೆ," ಎಂದರು. "ಅಭ್ಯಾಸಬಲ."

"ಇಪ್ಪತ್ತಾರು ವರ್ಷದಿಂದ ನಾನು ಸಾರಿಗೆ ಉಪ್ಪು ಹಾಕೋಕೆ ಹೋದ್ರೆ ನನ್ನ ಕೈ ಹಿಡೀತೀಯಲ್ಲ, ಅದೂ ಅಭ್ಯಾಸಬಲಾನೇ. ಎಲ್ಲಿ ಆ ಕುರ್ಚಿಗಳು?"

ಹೀಗೆ ಮಂಚಕ್ಕೆ ಮರಣಶಾಸನ ಬರೆದವರೇ ಅದರ ರಕ್ಷಣೆಯ ಸೇನಾಧಿಪತ್ಯ ವಹಿಸಿಕೊಂಡರು. ದಿನಾ ಮಧ್ಯಾಹ್ನ ಎರಡಕ್ಕೆ, ಬ್ರೇಕಕ್ಕ ಊಟಕ್ಕೆ ಮನೆಗೆ ಬಂದಾಗ, ಕನಸಿನ ತಾಲೀಮು. ಅತ್ತೆ ಡ್ರೈವರ್ ಕುರ್ಚಿಯಲ್ಲಿ ಊಟದ ತಟ್ಟೆಯನ್ನು ಸ್ಟಿಯರಿಂಗ್ ಮಾಡಿಕೊಂಡು ಕೂರುವರು. ಬ್ರೇಕಕ್ಕ ಪಕ್ಕದ ಕುರ್ಚಿಯಲ್ಲಿ ಎರಡೂ ಕಾಲನ್ನು ಮೇಲಕ್ಕೆತ್ತಿ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚುವರು.

"ಎಲ್ಲಿಗೆ ಹೋಗ್ತಿದ್ದೀವಿ ಅತ್ತೆ?"

"ಸುಮ್ಮನೆ ಕೂತ್ಕೋ. ಪ್ಯಾಸೆಂಜರ್ ಎಲ್ಲ ಕೇಳಬಾರದು."

"ಇಳಿಜಾರು ಬಂತು."

"ಕಾಣ್ತಿದೆ. ಕಾಲು ಕೆಳಗಿಳೀತಿದೆ ನಿಂದು, ಮೇಲಿಡು."

ಮೊದಲ ದಿನಗಳಲ್ಲಿ ಬಲಗಾಲು ಮಡಚಿದಲ್ಲೇ ತುಡಿಯುತ್ತಿತ್ತು, ಪದವಿ ಕಳೆದುಕೊಂಡ ಮಂತ್ರಿಯ ಹಾಗೆ. ಅತ್ತೆ ತಟ್ಟೆಯಿಂದ ಮೊಣಕಾಲಿನ ಮೇಲೆ ಒಂದು ಬಾರಿಸುವರು. ಆರನೆಯ ದಿನಕ್ಕೆ ಕಾಲು ಸುಮ್ಮನಾಯಿತು. ಅತ್ತೆಯ ಡ್ರೈವಿಂಗ್ ಮಾತ್ರ ದಿನದಿನಕ್ಕೂ ಧಾರಾಳವಾಯಿತು. ಇಳಿಜಾರು ಮುಗಿದ ಮೇಲೆ ಅವರು ಕಾರನ್ನು ನಿಲ್ಲಿಸುತ್ತಲೇ ಇರಲಿಲ್ಲ. ಕೆರೆಯ ಏರಿ ಹತ್ತಿಸುವರು, ತಂಗಿಯ ಮನೆ ಮುಂದೆ ನಿಧಾನ ಮಾಡಿ ಅವಳು ನೋಡಿದಳೆಂದು ಖಾತ್ರಿಯಾದ ಮೇಲೆ ಮುಂದೆ ಹೋಗುವರು.

ಇದರ ಗಾಳಿ ನಿಜವಾದ ಕಾರಿಗೂ ಬೀಸಿತು. ಆಗ ಬ್ರೇಕಕ್ಕನ ಬಳಿ ಬೇಕರಿ ನಡೆಸುವ ಹೆಂಗಸೊಬ್ಬಳು ಕಲಿಯುತ್ತಿದ್ದಳು. ಬೆಳಗಿನ ಬ್ರೆಡ್ಡನ್ನು ತಾನೇ ಅಂಗಡಿಗಳಿಗೆ ಹಂಚಬೇಕೆಂದು ಅವಳ ಹಟ. ಒಂದು ದಿನ ಅಡ್ಡರಸ್ತೆಯಿಂದ ತರಕಾರಿಯ ತಳ್ಳುಗಾಡಿ ಇದ್ದಕ್ಕಿದ್ದಂತೆ ಎದುರಿಗೆ ಬಂತು. ಬಲಗಾಲು ಹಳೆಯ ನಿಷ್ಠೆಯಿಂದ ಎದ್ದೇಬಿಟ್ಟಿತು. ಬ್ರೇಕಕ್ಕ ಅದನ್ನು ಪೆಡಲಿಗೆ ಕೂದಲೆಳೆಯಷ್ಟು ಮೇಲೆ ಹಿಡಿದು ನಿಲ್ಲಿಸಿ, ರಸ್ತೆಯಿಂದ ಕಣ್ಣು ಕಿತ್ತು, ಪಕ್ಕಕ್ಕೆ ತಿರುಗಿದರು. ಬೇಕರಿಯವಳ ಮುಖದಲ್ಲಿ ಗಾಬರಿಯೇನಿರಲಿಲ್ಲ. ತಳ್ಳುಗಾಡಿಯನ್ನು ಅವಳು ಆಗಲೇ ನೋಡಿದ್ದಳು. ಕಾರು ನಯವಾಗಿ, ಒಳಗೆ ಬ್ರೆಡ್ಡಿದ್ದಿದ್ದರೂ ಚೂರೂ ಅಲುಗದ ಹಾಗೆ ನಿಂತಿತು.

"ಯಾರು ಹಾಕಿದ್ದು ಬ್ರೇಕು?" ಎಂದರು ಬ್ರೇಕಕ್ಕ.

"ನಾನೇ ಅಕ್ಕಾ. ಯಾಕೆ, ತಪ್ಪಾಯ್ತಾ?"

"ಇಲ್ಲ. ಇನ್ನೊಂದು ಸಲ ಹಾಕು ನೋಡೋಣ."

ತರಕಾರಿಯವನು ಅಷ್ಟರಲ್ಲಿ ದಾಟಿ ಹೋಗಿದ್ದ. ಆದರೂ ಬೇಕರಿಯವಳು ಆ ದಿನ ಖಾಲಿ ರಸ್ತೆಯಲ್ಲಿ ಹನ್ನೊಂದು ಸಲ ತಾನೇ ಬ್ರೇಕ್ ಹಾಕಿದಳು. ಪ್ರತಿ ಸಲವೂ ಬ್ರೇಕಕ್ಕ ಅವಳ ಮುಖವನ್ನೇ ನೋಡುತ್ತಿದ್ದರು.

ತಿಂಗಳ ಕೊನೆಯ ರಾತ್ರಿ ಬಂತು. ಬೆಳಗಾದರೆ ಬಡಗಿ. ಹಿಂದಿನ ಹತ್ತು ದಿನಗಳಲ್ಲಿ ಕನಸು ನಾಲ್ಕು ಸಲ ಬಿದ್ದಿತ್ತು. ಮಂಚದ ಮೇಲೆ ಒಬ್ಬರೇ ಇದ್ದುದರಿಂದ ಕಾಲು ಏನು ಮಾಡಿತೆಂದು ಹೇಳುವ ಸಾಕ್ಷಿ ಇರಲಿಲ್ಲ. ಸಾಕ್ಷಿ ಬೇಕಿತ್ತು. ಯಜಮಾನರು ಅಂಗಡಿಯಿಂದ ಖಾಲಿ ಬೂಟಿನ ಡಬ್ಬಿಗಳನ್ನು ತಂದು, ರಟ್ಟು ಕತ್ತರಿಸಿ, ಮೊಣಕಾಲಿನಿಂದ ಪಾದದವರೆಗೆ ದಾರದಿಂದ ಬಿಗಿದುಕೊಂಡರು. ಕಿರುಬೆರಳಿಗೆ ಪ್ರತ್ಯೇಕವಾಗಿ ಮಕ್ಕಳ ಚಪ್ಪಲಿಯ ಡಬ್ಬಿ. ಹಾಗೆ ಕವಚಧಾರಿಯಾಗಿ, ಕಟಕಟ ಸದ್ದು ಮಾಡುತ್ತ ಮಲಗುವ ಕೋಣೆಯ ಬಾಗಿಲಲ್ಲಿ ನಿಂತರು.

"ನಗಬೇಡ," ಎಂದರು.

"ನಾನೆಲ್ಲಿ ನಗ್ತಿದ್ದೀನಿ?" ಎಂದರು ಬ್ರೇಕಕ್ಕ. ಅವರ ಕಣ್ಣು ಕಿರುಬೆರಳಿನ ಡಬ್ಬಿಯ ಮೇಲೇ ಇತ್ತು. "ಬೇಡ ರೀ. ಇನ್ನೊಂದು ಬೆರಳು ಹೋದ್ರೆ?"

"ಹತ್ತು ಕೊಟ್ಟಿದ್ದಾನೆ ದೇವರು. ಸರಿ ಸ್ವಲ್ಪ ಆ ಕಡೆ."

ಬೆಳಗಿನ ಜಾವ ಕನಸು ಹೇಳಿದ ಹೊತ್ತಿಗೆ ಬಂತು. ಇಳಿಜಾರು ಬಂತು. ಕಾರು ವೇಗವಾಗಿ ಇಳಿಯಿತು. ಬ್ರೇಕಕ್ಕ ಕೆಳಗೆ ನೋಡಿದರೆ ಪೆಡಲ್ ಇದ್ದ ಜಾಗದಲ್ಲಿ ಪೆಡಲೇ ಇರಲಿಲ್ಲ. ಅವರು ಕಾಲೆರಡನ್ನೂ ಎತ್ತಿ ಸೀಟಿನ ಮೇಲೆ ಮಡಚಿ, ಪಕ್ಕಕ್ಕೆ ತಿರುಗಿದರು. ಅತ್ತೆ ಒಂದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಗಾಳಿಗೆ ಬಿಳಿ ಕೂದಲು ಹಾರಿಸುತ್ತ, ಇವರ ಕಡೆ ನೋಡಿ ಹುಬ್ಬು ಹಾರಿಸಿದರು. ಇಳಿಜಾರು ಮುಗಿದು ರಸ್ತೆ ಅಗಲವಾಯಿತು. ಆ ರಸ್ತೆ ತಾಲೀಮಿನಲ್ಲಿ ಇರಲಿಲ್ಲ, ಊರಿನಲ್ಲೂ ಇರಲಿಲ್ಲ. ಇಕ್ಕೆಲದಲ್ಲೂ ಬಿಸಿಲು. ಕಾರು ಹೋಗುತ್ತಲೇ ಇತ್ತು.

ಐದು ಗಂಟೆಗೆ ಅತ್ತೆ ಬಾಗಿಲು ತಟ್ಟದೆಯೇ ಒಳಗೆ ಬಂದರು. ಯಜಮಾನರು ಮಂಚದ ಮೇಲೆ ಎದ್ದು ಕೂತು ಒಂದೊಂದೇ ಡಬ್ಬಿ ಬಿಚ್ಚಿ, ಬೆರಳುಗಳನ್ನು ಎಣಿಸುತ್ತಿದ್ದರು. ಪಕ್ಕದಲ್ಲಿ ಬ್ರೇಕಕ್ಕ ಮೊಣಕಾಲುಗಳನ್ನು ಎದೆಗೆ ಮಡಚಿಕೊಂಡು ಗಾಢ ನಿದ್ದೆಯಲ್ಲಿದ್ದರು, ಬಾಯಿ ತೆರೆದು, ಗೊರಕೆ ಸಮೇತ.

"ಎಷ್ಟಿವೆ?" ಎಂದರು ಅತ್ತೆ.

"ಹತ್ತೂ ಇವೆ ಅಮ್ಮಾ. ಒಂದು ಗೀರೂ ಇಲ್ಲ."

ಎಂಟು ಗಂಟೆಗೆ ಬಡಗಿ ಚೀಲ ಇಳಿಸಿ, ಗರಗಸ ಹೊರಗೆ ತೆಗೆದು, ಕಿವಿಯ ಹಿಂದಿನ ಪೆನ್ಸಿಲ್ಲು ಕೈಗೆತ್ತಿಕೊಂಡ. "ಎಲ್ಲಿಂದ ಕೊಯ್ಯಲಿ ಅಮ್ಮಾ?"

"ನನ್ನ ಸೊಸೆ ಮಂಚಕ್ಕೆ ಗರಗಸ ಹಚ್ಚು ಅಂತ ನಿನಗೆ ಹೇಳಿದವರು ಯಾರು?"

"ನೀವೇ ಅಲ್ವಾ."

"ಆಗ ನನಗೆ ಡ್ರೈವಿಂಗ್ ಬರ್ತಿರಲಿಲ್ಲ."

ಬಡಗಿ ಅತ್ತೆಯನ್ನು ನೋಡಿದ, ಯಜಮಾನರ ಕೈಯಲ್ಲಿದ್ದ ಬೂಟಿನ ಡಬ್ಬಿಗಳನ್ನು ನೋಡಿದ, ಇಂಥ ಮನೆಗಳಲ್ಲಿ ಪ್ರಶ್ನೆ ಕೇಳಬಾರದೆಂದು ತೀರ್ಮಾನಿಸಿದ. ಬಂದದ್ದಕ್ಕೆ ಮಂಚದ ಕಾಲುಗಳನ್ನು ಅಲುಗಿಸಿ ನೋಡಿ, ಸಡಿಲವಾಗಿದ್ದ ಒಂದಕ್ಕೆ ಬೆಣೆ ಹೊಡೆದು ಹೋದ.

ಡಾಕ್ಟರಮ್ಮ ಮಾತ್ರ ಒಂದು ರಾತ್ರಿಗೇ ಜಯಭೇರಿ ಬಾರಿಸಬೇಡಿ, ತಾಲೀಮು ಬಿಡಬೇಡಿ ಎಂದರು. ಬಿಡುವ ಪ್ರಶ್ನೆಯೇ ಇರಲಿಲ್ಲ. ಅತ್ತೆ ಎರಡು ಗಂಟೆಗೆ ಸರಿಯಾಗಿ ತಟ್ಟೆ ಹಿಡಿದು ಕಾಯುತ್ತಿದ್ದರು. ಅದಾದ ಮೇಲೆ ಈ ಏಳು ತಿಂಗಳಲ್ಲಿ ಯಜಮಾನರಿಗೆ ಎರಡೇ ಸಲ ಕಾಲು ತಾಗಿದೆ, ಅದೂ ಕ್ಷೇಮ ವಿಚಾರಿಸುವಷ್ಟು ಮೆಲ್ಲಗೆ.

ಆದರೆ ಬಡಗಿ ಬಂದುಹೋದ ಆ ಒಂದನೇ ತಾರೀಖು ಇನ್ನೂ ಮುಗಿದಿರಲಿಲ್ಲ. ಆ ರಾತ್ರಿ ಇಬ್ಬರೂ ಊಟ ಬೇಗ ಮುಗಿಸಿ, ಯಾರಿಗೂ ಕಾಣದ ಹಾಗೆ ಅವಸರ ಮಾಡಿ, ದೀಪ ಆರಿಸಿದರು. ಎ‌ಷ್ಟೋ ವಾರಗಳ ಪಾದಗಳು ಯಜಮಾನರ ಎದೆಯಲ್ಲಿ ಕೂಡಿಬಿದ್ದಿದ್ದವು.

"ಒಬ್ಬ ಬಂದಿದ್ದ ಕಣೇ," ಎಂದು ಶುರುಮಾಡಿದರು, "ಎರಡು ಕಾಲಿಗೂ ಬೇರೆ ಬೇರೆ ಸೈಜು, ಆದ್ರೆ ಒಪ್ಪಲ್ಲ ಆಸಾಮಿ..."

"ತಡೀರಿ, ನಾನು ಮೊದಲು. ಇವತ್ತು ಬೇಕರಿಯವಳ ಟೆಸ್ಟಿತ್ತು."

"ಹೌದಾ? ಏನಾಯ್ತು?"

"ಪಾಸಾದಳು."

"ಎಷ್ಟನೇ ಸಲ?"

ಕತ್ತಲಲ್ಲಿ ಬ್ರೇಕಕ್ಕ ಗಂಡನ ಕಡೆಗೆ ಪೂರ್ತಿ ತಿರುಗಿದರು.

"ಮೊದಲನೇ ಸಲ ರೀ. ಇಪ್ಪತ್ತನಾಲ್ಕು ವರ್ಷದಲ್ಲಿ ನನ್ನ ಕೈಯಲ್ಲಿ ಕಲಿತು ಮೊದಲನೇ ಸಲಕ್ಕೇ ಪಾಸಾದವಳು ಅವಳೊಬ್ಬಳೇ."

ಯಜಮಾನರು ಎದ್ದು ಕೂತು, ದಿಂಬನ್ನು ಬೆನ್ನಿಗೆ ಕೊಟ್ಟುಕೊಂಡರು.

"ಇದು ಹತ್ತು ನಿಮಿಷದಲ್ಲಿ ಮುಗಿಯೋ ಕಥೆಯಲ್ಲ," ಎಂದರು. "ಮನೆ ಬಿಟ್ಟಲ್ಲಿಂದ ಹೇಳು."